ನಿಂತ ಮುಟ್ಟು, ನಿಲ್ಲದ ಸೂತಕ

2024ರ ಶ್ರಾವಣ ಮಾಸದ ವಚನ ಚಿಂತನಕ್ಕೆಂದು ಪಂಚಸೂತಕಗಳನ್ನು ಕುರಿತು ಐದು ಕಂತುಗಳನ್ನು ಸಿದ್ಧಪಡಿಸುವಂತೆ ಪೂಜ್ಯರು ನನಗೆ ಅಪ್ಪಣೆ ಮಾಡಿದ್ದರು. ಜಾತಿಸೂತಕ, ಜನನಸೂತಕ, ಮರಣಸೂತಕ, ಉಚ್ಛಿಷ್ಟಸೂತಕ, ರಜಸ್ಸೂತಕ ಎಂಬ ಈ ಐದನ್ನೂ 12ನೆಯ ಶತಮಾನದ ಶರಣರು ನಿರಾಕರಿಸಿದರೆಂಬುದು ನಮ್ಮ ಮಠದ ಮಕ್ಕಳಿಗೂ ಬಾಯಿಪಾಠವಾಗಿರುವ ಸಂಗತಿ. ಗೊತ್ತಿರುವ ವಿಷಯವನ್ನೇ ಬರೆಯುವಾಗ ಬರಹಗಾರನಿಗೆ ಒಂದು ಬಗೆಯ ನಿರಾಳತೆ ಇರುತ್ತದೆ. ಅಂಥ ನಿರಾಳತೆಯಲ್ಲಿಯೇ ನಾನು ನಾಲ್ಕನೆಯ ಕಂತಾದ ರಜಸ್ಸೂತಕದ ವಿಚಾರವನ್ನು ಬರೆದು ಮುಗಿಸಿದೆ.

ಬರೆದದ್ದನ್ನು ಪೂಜ್ಯರಿಗೆ ಒಪ್ಪಿಸುವ ಮುನ್ನ ಅವ್ವನಿಗೆ ಓದಿ ಹೇಳುವುದು ನನ್ನ ರೂಢಿ. ಅವ್ವ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಆಕೆಗೆ ತಿಳಿಯದ ವಾಕ್ಯ ನಮ್ಮ ಓದುಗರಿಗೂ ತಿಳಿಯಲಾರದೆಂಬುದು ನನ್ನ ಲೆಕ್ಕ. ಅಂದು ಸಂಜೆ ಆಕೆ ಪಡಸಾಲೆಯಲ್ಲಿ ಕುಳಿತು ಮರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಓದುತ್ತ ಹೋದೆ. ಲಿಂಗವು ಅಂಗದ ಮೇಲೆ ಹಗಲಿರುಳೂ ಇರುವುದರಿಂದ ತಿಂಗಳ ಮೂರು ದಿನಗಳಲ್ಲಿ ಅದು ಅಶುದ್ಧವಾಗುವುದೆಂದು ಹೇಳಿದರೆ ಅದು ಲಿಂಗಕ್ಕೇ ಮಾಡಿದ ಅವಮಾನವೆಂಬ ಭಾಗಕ್ಕೆ ಬಂದಾಗ ಮರ ಕೇರುವ ಸಪ್ಪಳ ನಿಂತಿತು.

"ತಿಂಗಳ ತಿಂಗಳ ಬರೋದಕ್ಕ ಸೂತಕ ಇಲ್ಲಂತ ಬರದಿ. ನಿಂತು ಆರ ವರ್ಷ ಆದ ಮ್ಯಾಲ ಬಂದ್ರ ಅದಕ್ಕೇನಂತಾರ ಶರಣರು?" ಎಂದು ಅವ್ವ ಕೇಳಿದಳು.

"ಅದಕ್ಕೂ ಇಲ್ಲವ್ವಾ" ಎಂದು ನಾನು ಪಂಡಿತನಂತೆ ಉತ್ತರಿಸಿ ಮುಂದಿನ ವಾಕ್ಯಕ್ಕೆ ಹೋದೆ. ಶಾಸ್ತ್ರದ ಪ್ರಶ್ನೆಗೆ ಶಾಸ್ತ್ರದ ಉತ್ತರ! ಆ ಪ್ರಶ್ನೆಯನ್ನು ಕೇಳಿದವಳು ಐವತ್ತೇಳು ವರ್ಷದ ನನ್ನ ತಾಯಿ ಎಂಬುದು ನನ್ನ ಬುದ್ಧಿಗೆ ತಟ್ಟಿದ್ದು ಅಂದು ರಾತ್ರಿ ಮಲಗಿದ ಮೇಲೆ.

ಹಿಂದಿನ ನಾಲ್ಕು ತಿಂಗಳ ಸಂಗತಿಗಳು ಆಗ ಒಂದೊಂದಾಗಿ ನೆನಪಿಗೆ ಬಂದವು. ಸೋಮವಾರ ನಸುಕಿನಲ್ಲಿ ಮಠದ ಗದ್ದುಗೆಯ ಅಂಗಳ ಉಡುಗುವ ಸೇವೆಯನ್ನು ಅವ್ವ ಬಿಟ್ಟಿದ್ದಳು. ಬಸವ ಜಯಂತಿಯ ದಿನ ದಾಸೋಹದ ಅಡುಗೆಮನೆಗೆ ಹೋಗಿರಲಿಲ್ಲ. ಪತ್ರಿ ಕೊಯ್ದು ತರುವುದನ್ನು ಪಕ್ಕದ ಮನೆಯ ಹುಡುಗಿಗೆ ಒಪ್ಪಿಸಿದ್ದಳು. ಕೇಳಿದಾಗಲೆಲ್ಲ "ಮೊಣಕಾಲ ನೋವಪಾ" ಎನ್ನುತ್ತಿದ್ದಳು. ನಾನು ಔಷಧಿ ಅಂಗಡಿಯಿಂದ ನೋವಿನ ಎಣ್ಣೆಯ ಶೀಶೆ ತಂದುಕೊಟ್ಟು ನನ್ನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ. ಮುಪ್ಪು ಮೈಮೇಲೆ ಬರುವ ಮುನ್ನವೇ ದೇವನನ್ನು ಪೂಜಿಸಬೇಕೆಂದು ಬಸವಣ್ಣನವರು ಎಚ್ಚರಿಸುವ ಪ್ರಸಿದ್ಧ ವಚನಕ್ಕೆ ನಾನು ಇದುವರೆಗೆ ಮೂರು ಸಲ ವಿವರಣೆ ಬರೆದಿದ್ದೇನೆ. ನಮ್ಮ ಮನೆಯಲ್ಲಿಯೇ ಒಬ್ಬರಿಗೆ ಮುಪ್ಪು ಯಾವ ಬಗೆಯಲ್ಲಿ ಬರುತ್ತಿದೆಯೆಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ಗಂಡುಮಗ ತಾಯಿಯನ್ನು ನೇರವಾಗಿ ಕೇಳುವ ಮಾತು ಇದಲ್ಲ. ಬೆಳಗಾಗುತ್ತಲೇ ಅಕ್ಕನಿಗೆ ಫೋನು ಮಾಡಿದೆ. ಆಕೆ ಮರುದಿನದ ಮೊದಲ ಬಸ್ಸಿಗೆ ಬಂದಳು. ಹಿತ್ತಲಲ್ಲಿ ಒಣಹಾಕಿದ್ದ ಕೌದಿಯ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಹರವಿದ್ದ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಕಂಡಳು. ಆಮೇಲೆ ಅವ್ವ ಎಲ್ಲವನ್ನೂ ಹೇಳಿದಳಂತೆ. ಚೈತ್ರದಲ್ಲಿ ಮೊದಲು ಒಂದೆರಡು ಹನಿ, ನಂತರ ಎಂಟು ಹತ್ತು ದಿನಕ್ಕೊಮ್ಮೆ, ಈಚೆಗೆ ಬಹುತೇಕ ದಿನವೂ.

ಇಲ್ಲಿ ವೈದ್ಯಕೀಯದ ಕೆಲವು ಮಾತುಗಳನ್ನು ಹೇಳಲೇಬೇಕಾಗಿದೆ. ಸತತವಾಗಿ 12 ತಿಂಗಳ ಕಾಲ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆಂದು ಪರಿಗಣಿಸುತ್ತಾರೆ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 45ರಿಂದ 50ರ ವಯಸ್ಸಿನೊಳಗೆ ಇದು ಒದಗುತ್ತದೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ರಸವನ್ನು ಸ್ರವಿಸುವುದನ್ನು ಕ್ರಮೇಣ ನಿಲ್ಲಿಸುವುದರಿಂದ ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಕಾರಣವಿಲ್ಲದೆ ಸಿಡುಕು ಬರುವುದು, ಕೆಮ್ಮಿದಾಗ ಮೂತ್ರ ಸೋರುವುದು, ಮೂಳೆ ಸವೆಯುವುದು ಇವೆಲ್ಲ ಹಲವರಿಗೆ ಕಾಣಿಸಿಕೊಳ್ಳುತ್ತವೆ. ಇವುಗಳಿಗೆ ಪರಿಹಾರ ಇದೆ. ವೈದ್ಯರನ್ನು ಕೇಳಲು ನಾಚಿಕೊಳ್ಳಬೇಕಾಗಿಲ್ಲ. ಆದರೆ ಒಂದು ವರ್ಷ ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ಒಂದು ಹನಿಯಾದರೂ ಸರಿ, ಅದು ಮುಟ್ಟಲ್ಲ. ತಡಮಾಡದೆ ಪರೀಕ್ಷಿಸಿಕೊಳ್ಳಬೇಕಾದ ಲಕ್ಷಣ ಅದು. ಹೆಚ್ಚಿನವರಲ್ಲಿ ಒಳಪದರ ತೆಳುವಾಗಿ ಒಣಗಿದ್ದರಿಂದಲೋ ಸಣ್ಣ ದುರ್ಮಾಂಸದಿಂದಲೋ ಹೀಗಾಗುತ್ತದೆ, ಸುಲಭವಾಗಿ ವಾಸಿಯೂ ಆಗುತ್ತದೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ ಆಗಿರುತ್ತದೆ. ಈ ಕ್ಯಾನ್ಸರ್ ಉಳಿದ ಹಲವು ಕ್ಯಾನ್ಸರುಗಳಂತೆ ಕೊನೆಯವರೆಗೂ ಅಡಗಿ ಕೂರುವಂಥದಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಅದು ರಕ್ತದ ರೂಪದಲ್ಲಿ ಮೊದಲೇ ಹೇಳಿ ಬರುತ್ತದೆ. ಆ ಮಾತನ್ನು ಆಗಲೇ ಕೇಳಿಸಿಕೊಂಡರೆ ಬಹುಪಾಲು ಜನ ಗುಣವಾಗುತ್ತಾರೆ.

ಅವ್ವ ಅದನ್ನು ನಾಲ್ಕು ತಿಂಗಳು ಕೌದಿಯ ಕೆಳಗೆ ಮುಚ್ಚಿಟ್ಟಿದ್ದಳು.

ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ನಾನು ಎದುರಿಗಿರುವವರೆಗೆ ಅವ್ವ ವೈದ್ಯೆಯ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ, ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತೆ. ಸ್ಕ್ಯಾನಿಂಗಿನಲ್ಲಿ ಒಳಪದರದ ದಪ್ಪ 14 ಮಿ.ಮೀ. ಎಂದು ಬಂತು. ಮುಟ್ಟು ನಿಂತವರಲ್ಲಿ ರಕ್ತ ಕಾಣಿಸಿ, ಈ ದಪ್ಪ 4–5 ಮಿ.ಮೀ. ದಾಟಿದ್ದರೆ ಒಳಪದರದ ಚೂರನ್ನು ತೆಗೆದು ಪರೀಕ್ಷಿಸಲೇಬೇಕೆಂದು ವೈದ್ಯೆ ತಿಳಿಸಿದರು. ಆ ಪರೀಕ್ಷೆಗೆ ಬಯಾಪ್ಸಿ ಎನ್ನುತ್ತಾರೆ. ಎಂಟು ದಿನಗಳ ನಂತರ ವರದಿ ಬಂತು. ಕ್ಯಾನ್ಸರ್, ಮೊದಲ ಹಂತ.

ಏಕೆ ಬಂತೆಂದು ಅಕ್ಕ ಕೇಳಿದ್ದಕ್ಕೆ ವೈದ್ಯೆ ಬಹಳ ತಾಳ್ಮೆಯಿಂದ ವಿವರಿಸಿದರು. ಅಂಡಾಶಯ ವಿಶ್ರಾಂತಿ ಪಡೆದ ಮೇಲೆಯೂ ಮೈಯ ಕೊಬ್ಬಿನಲ್ಲಿ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತಲೇ ಇರುತ್ತದೆ. ಅದನ್ನು ಹದ್ದಿನಲ್ಲಿಡುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸ ಆ ವಯಸ್ಸಿನಲ್ಲಿ ಇರುವುದಿಲ್ಲ. ಹೀಗಾಗಿ ತೂಕ ಹೆಚ್ಚಿದವರಲ್ಲಿ ಒಳಪದರ ತಡೆಯಿಲ್ಲದೆ ಬೆಳೆಯುತ್ತ ಹೋಗಬಹುದು. ಸಕ್ಕರೆ ಕಾಯಿಲೆಯಿದ್ದರೆ ಅಪಾಯ ಇನ್ನಷ್ಟು. ಅವ್ವನಿಗೆ ಎರಡೂ ಇದ್ದವು. ಇದರಲ್ಲಿ ಆಕೆಯ ಕರ್ಮವೂ ಇಲ್ಲ, ಯಾರ ಕಣ್ಣು ತಾಗಿದ್ದೂ ಇಲ್ಲ.

ಆದರೆ ಶಸ್ತ್ರಚಿಕಿತ್ಸೆ ನಡೆಯುವುದೇ ತಪ್ಪಿಹೋಗುವ ಪ್ರಸಂಗವೊಂದು ಬಂತು. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳಲು ತಾಂಡಾದಿಂದ ಅವರ ಸೊಸೆ ಬಂದಿದ್ದರು. ವಯಸ್ಸು ಮೂವತ್ತೈದರ ಆಸುಪಾಸು. ಇಪ್ಪತ್ತೆಂಟನೆಯ ವಯಸ್ಸಿಗೆ ಬಿಳುಪು ಹೋಗುತ್ತದೆಂದು ಯಾವುದೋ ಖಾಸಗಿ ದವಾಖಾನೆಗೆ ತೋರಿಸಿದ್ದಕ್ಕೆ, "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದಿದ್ದರಂತೆ. ಅಂದಿನಿಂದ ನಡುನೋವು, ಮೈಯುರಿ, ಕೂಲಿಗೆ ಹೋಗಲು ಆಗದಷ್ಟು ನಿಶ್ಶಕ್ತಿ. ಅವರ ಓಣಿಯಲ್ಲಿಯೇ ಇನ್ನೂ ಹಲವರದು ಇದೇ ಕಥೆಯಂತೆ. ಇದನ್ನೆಲ್ಲ ಕೇಳಿದ ಅವ್ವ ಗಂಟುಮೂಟೆ ಕಟ್ಟಿ ಎದ್ದು ನಿಂತಳು. "ನನಗೂ ಹಂಗ ಮೋಸಾ ಮಾಡ್ತಾರ. ನಾ ಒಲ್ಲೆ, ಊರಿಗೆ ನಡೀರಿ" ಎಂದು ಹಟ ಹಿಡಿದಳು.

ಆಕೆಯ ಸಂದೇಹ ಆಧಾರವಿಲ್ಲದ್ದಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ದಶಕದ ಹಿಂದೆ ಬೆಳಕಿಗೆ ಬಂದು ದೊಡ್ಡ ಪ್ರತಿಭಟನೆಗಳು ನಡೆದದ್ದು ನಮ್ಮ ಭಾಗದವರಿಗೆ ಗೊತ್ತಿದೆ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿಷಯ ಪತ್ರಿಕೆಗಳಲ್ಲಿ ಬಂತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದು ಬೀಳುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಕೇಡು. ಗರ್ಭಕೋಶ ಇಬ್ಬರು ಮಕ್ಕಳಾದ ಮೇಲೆ ಬೇಡವಾದ ಚೀಲವೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂಬುದು ನನಗೆ ಆ ವಾರ್ಡಿನಲ್ಲಿ ಕುಳಿತಾಗಲೇ ತಿಳಿದದ್ದು. ಬಿಳುಪು ಹೋಗುವುದಕ್ಕೆ, ನಡುನೋವಿಗೆ ಗರ್ಭಕೋಶ ತೆಗೆಸಬೇಕಾಗಿಲ್ಲ. ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಲೇಸು. ಬೇಡದವರಿಗೆ ಮಾಡಿದ ಮೋಸ ಬೇಕಾದವರ ಪ್ರಾಣಕ್ಕೂ ಎರವಾಗುತ್ತದೆ. ಅವ್ವ ಆ ದಿನ ಬಸ್ಸು ಹತ್ತಿ ಹೋಗಿದ್ದರೆ ಈ ಲೇಖನವನ್ನು ನಾನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ವೈದ್ಯೆ ಮಂಚದ ಅಂಚಿನಲ್ಲಿ ಕುಳಿತು ಬಯಾಪ್ಸಿಯ ವರದಿಯನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದರು. "ಅವರಿಗೆ ಪರೀಕ್ಷೆ ಮಾಡದೆ ತೆಗೆದಿದ್ದಾರೆ ಅಮ್ಮಾ. ನಿಮಗೆ ಪರೀಕ್ಷೆ ಮಾಡಿ ಕಂಡಿದ್ದಕ್ಕೆ ತೆಗೆಯುತ್ತೇವೆ" ಎಂದರು. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಕೊರಳ ಲಿಂಗವನ್ನು ಮುಟ್ಟಿಕೊಂಡು, ಆಗಲಿ ಎಂದಳು. ಗರ್ಭಕೋಶ, ನಾಳ, ಅಂಡಾಶಯಗಳನ್ನು ತೆಗೆದರು. ರೋಗ ಆಳಕ್ಕೆ ಇಳಿದಿರಲಿಲ್ಲವಾದ್ದರಿಂದ ವಿಕಿರಣ ಚಿಕಿತ್ಸೆಯ ಅಗತ್ಯ ಬೀಳಲಿಲ್ಲ. ಈಗಲೂ ಕೆಲವು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇವೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಕಾರ್ಡು ಮಾಡಿಸದವರು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಕಷ್ಟ ಬಂದಾಗ ಓಡಾಡುವುದು ಕಠಿಣ.

ಇಷ್ಟು ಆದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆಯೇ ಆಗಿತ್ತು. ಅವ್ವ ಹೆದರಿ ಮುಚ್ಚಿಟ್ಟಳೆಂದು ನಾನು ಭಾವಿಸಿದ್ದೆ. ರೋಗದ ಹೆದರಿಕೆ ಆಕೆಗೆ ಇರಲೇ ಇಲ್ಲ. ಇದು ರೋಗವೆಂದೇ ಆಕೆಗೆ ತೋಚಿರಲಿಲ್ಲ. ಹಾಗಾದರೆ ಮುಚ್ಚಿಟ್ಟದ್ದು ಏಕೆ?

ಅಕ್ಕನ ಮುಂದೆ ಅವ್ವ ಹೇಳಿದ್ದು ಇಷ್ಟು. ಆಕೆಗೆ ಮುಟ್ಟು ನಿಂತ ವರ್ಷ ನಮ್ಮ ಅಜ್ಜಿ ಇನ್ನೂ ಇದ್ದರು. "ಇನ್ನ ನೀ ಶುದ್ಧ ಆದಿ" ಎಂದು ಹೇಳಿ ಜಗಲಿಯ ಪೂಜೆಯನ್ನು ಆಕೆಗೆ ಒಪ್ಪಿಸಿದರು. ಅದೇ ವರ್ಷ ಮಠದ ತಾಯಂದಿರ ಬಳಗದವರು ಗದ್ದುಗೆಯ ನೈವೇದ್ಯದ ಅಡುಗೆಗೆ ಆಕೆಯನ್ನು ಕರೆದರು. ಊರಿನಲ್ಲಿ ಆಕೆಗೆ ಒಂದು ಸ್ಥಾನ ದೊರೆಯಿತು. ಆರು ವರ್ಷ ಆ ಸ್ಥಾನದಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸಿದಳು. ಮತ್ತೆ ರಕ್ತ ಕಂಡಾಗ ಆಕೆಗೆ ಅನ್ನಿಸಿದ್ದು ಒಂದೇ. ತಾನು ಇನ್ನು ಶುದ್ಧಳಲ್ಲ, ಅದು ಯಾರಿಗಾದರೂ ತಿಳಿದರೆ ಜಗಲಿಯೂ ಗದ್ದುಗೆಯೂ ಕೈಬಿಟ್ಟು ಹೋಗುತ್ತವೆ. ಹೇಳಿದರೆ ಸ್ಥಾನ ಹೋಗುತ್ತದೆ. ಹೇಳದೆ ಮುಟ್ಟಿದರೆ ಪಾಪ ಬರುತ್ತದೆ. ಆದ್ದರಿಂದ ಮೊಣಕಾಲಿನ ನೆವ.

ನಾನು ಎಂ.ಎ. ಓದುವಾಗಿನಿಂದ ರಜಸ್ಸೂತಕವನ್ನು ಒಂದೇ ದಿಕ್ಕಿನಿಂದ ನೋಡಿಕೊಂಡು ಬಂದವನು. ಮುಟ್ಟಾದವಳನ್ನು ದೂರವಿಡುವುದು ಸೂತಕ. ನಾವು ದೂರ ಇಡುವುದಿಲ್ಲವಾದ್ದರಿಂದ ನಮ್ಮಲ್ಲಿ ಸೂತಕವಿಲ್ಲ! ಮುಟ್ಟು ನಿಂತವಳನ್ನು ಹತ್ತಿರಕ್ಕೆ ಕರೆದು ಗೌರವಿಸುವುದು ಅದೇ ಸೂತಕದ ಇನ್ನೊಂದು ಮುಖವೆಂದು ಅವ್ವನ ಮಾತು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಐವತ್ತಕ್ಕೆ ಶುದ್ಧಳಾದಳೆಂದು ಹೇಳಿದರೆ ಅದುವರೆಗಿನ ಮೂವತ್ತೈದು ವರ್ಷ ಅಶುದ್ಧಳಾಗಿದ್ದಳೆಂದೇ ಅರ್ಥವಲ್ಲವೆ? ಆಕೆಗೆ ಕೊಟ್ಟ ಗೌರವ ಅಡವಿಟ್ಟು ತಂದ ಒಡವೆಯಂತೆ. ಒಂದು ಹನಿ ರಕ್ತ ಕಂಡರೆ ಅದನ್ನು ತಿರುಗಿ ಕಸಿದುಕೊಳ್ಳಬಹುದು. ಅಂಥ ಗೌರವ ಪಡೆದವಳು ಆ ಹನಿಯನ್ನು ಮುಚ್ಚಿಡದೆ ಇನ್ನೇನು ಮಾಡಿಯಾಳು?

ಶರಣರ ನಿಲುವು ಇದಕ್ಕಿಂತ ಬಹಳ ಆಳವಾದದ್ದು. ಅವರು ಸೂತಕಕ್ಕೆ ಅವಧಿಯನ್ನು ಕಡಿಮೆ ಮಾಡಲಿಲ್ಲ, ವಿನಾಯಿತಿಯನ್ನೂ ಕೊಡಲಿಲ್ಲ. ಲಿಂಗ ಧರಿಸಿದ ಅಂಗಕ್ಕೆ ಸೂತಕವೆಂಬ ಮಾತೇ ಹೊಂದುವುದಿಲ್ಲವೆಂದರು. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಹೊಟ್ಟೆಯೊಳಗಿನ ಶಿಶು ಹೊರಗಿನ ಬೆಳಕನ್ನು ಕಾಣುವ ಮೊದಲೇ, ಲೋಕ ಯಾವುದನ್ನು ಮೈಲಿಗೆಯೆನ್ನುತ್ತದೆಯೋ ಅದೇ ರಕ್ತದ ನಡುವೆ ಇದ್ದು ಲಿಂಗಸಂಬಂಧಿ ಆಗುತ್ತದೆ. ಹೀಗಿರುವಾಗ ಆ ರಕ್ತ ಹರಿದಾಗ ಕಳಂಕ, ನಿಂತಾಗ ಪಾವಿತ್ರ್ಯ ಎಂಬ ಲೆಕ್ಕಕ್ಕೆ ಎಡೆಯೆಲ್ಲಿ? ಜೇಡರ ದಾಸಿಮಯ್ಯನವರ ಹೆಸರಿನಲ್ಲಿಯೂ ಧೂಪದ ಕಾಯಕದ ಗೊಗ್ಗವ್ವೆಯ ಹೆಸರಿನಲ್ಲಿಯೂ ದೊರೆಯುವ ವಚನಗಳ ಭಾವವನ್ನು ನೆನೆಯಿರಿ. ದೇಹದ ಗುರುತುಗಳನ್ನು ನೋಡಿ ಲೋಕ ಹೆಣ್ಣು ಗಂಡೆಂದು ಕರೆಯುತ್ತದೆ, ಒಳಗಿರುವ ಆತ್ಮ ಎರಡೂ ಅಲ್ಲ ಎಂಬುದು ಅವುಗಳ ತಿರುಳು. ಪ್ರಾಯದಲ್ಲಿ ಮೂಡಿದ ಗುರುತು ಆ ಆತ್ಮಕ್ಕೆ ಏನನ್ನೂ ಕೂಡಿಸದಿದ್ದರೆ, ಮುಪ್ಪಿನಲ್ಲಿ ಅಳಿಸಿಹೋದ ಗುರುತೂ ಏನನ್ನೂ ಕೂಡಿಸಲಾರದು. ಈ ವಚನಗಳನ್ನು ನಾವು ಸಾಮಾನ್ಯವಾಗಿ ಸ್ತ್ರೀ ಸಮಾನತೆಯ ಭಾಷಣಗಳಲ್ಲಿ ಬಳಸುತ್ತೇವೆ. ಐವತ್ತು ದಾಟಿದ ತಾಯಂದಿರ ಮುಂದೆ ಓದಿದಾಗ ಅವುಗಳ ಅರ್ಥ ಬೇರೆಯಾಗಿ ಕೇಳುತ್ತದೆ.

ಶಬರಿಮಲೆಯಲ್ಲಿ 10ರಿಂದ 50 ವರ್ಷದ ಹೆಣ್ಣುಮಕ್ಕಳಿಗಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 28ರಂದು ರದ್ದುಪಡಿಸಿದಾಗ ನಮ್ಮ ಮಠದ ಕಟ್ಟೆಯ ಮೇಲೆಯೂ ದೊಡ್ಡ ಚರ್ಚೆ ನಡೆದಿತ್ತು. ಮರುವರ್ಷ ಆ ವಿಷಯ ಹಿರಿಯ ಪೀಠಕ್ಕೆ ಹೋಯಿತು. ಅದರ ಗುಣದೋಷಗಳ ವಿಚಾರ ಇಲ್ಲಿ ಬೇಡ. ನನಗೆ ನೆನಪಿರುವುದು ನಾವು ಆಡಿದ ಮಾತು. "ನಮ್ಮಲ್ಲಿ ಇಂಥದೆಲ್ಲ ಎಂಟುನೂರು ವರ್ಷದ ಹಿಂದೆಯೇ ಮುಗಿದುಹೋಗಿದೆ" ಎಂದು ಎಲ್ಲರೂ ಅಭಿಮಾನದಿಂದ ಹೇಳಿಕೊಂಡೆವು. ನಾನೂ ಹೇಳಿದ್ದೆ, ಅದೂ ಎಲ್ಲರಿಗಿಂತ ಗಟ್ಟಿಯಾಗಿ.

ಅವ್ವ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಮಠದ ಜಾತ್ರೆಯ ಸಿದ್ಧತೆ ಪ್ರಾರಂಭವಾಯಿತು. ಕಚೇರಿಯ ಕಡತ ಜೋಡಿಸುವುದು ನನ್ನ ಕೆಲಸವಾದ್ದರಿಂದ ಗದ್ದುಗೆಯ ನೈವೇದ್ಯ ಮತ್ತು ಆರತಿಯ ಸೇವೆಗೆ ತಾಯಂದಿರ ಹೆಸರುಗಳ ಪಟ್ಟಿ ನನ್ನ ಮೇಜಿಗೆ ಬಂತು. ವರ್ಷವರ್ಷವೂ ಬರುವ ಪಟ್ಟಿಯೇ. ಹೆಸರಿನ ಮುಂದೆ ಊರು, ಊರಿನ ಮುಂದೆ ವಯಸ್ಸು. ಐವತ್ತೈದು, ಅರವತ್ತು, ಐವತ್ತೆರಡು, ಅರವತ್ತೆಂಟು. ಐವತ್ತಕ್ಕಿಂತ ಕಡಿಮೆ ವಯಸ್ಸಿನ ಒಂದು ಹೆಸರೂ ಇರಲಿಲ್ಲ. ಯಾವ ನಿಯಮಾವಳಿಯಲ್ಲಿಯೂ ಹೀಗಿರಬೇಕೆಂದು ಬರೆದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. "ಹಿರಿಯರಿಗೆ ಮೊದಲ ಮರ್ಯಾದೆ" ಎಂಬ ಸುಂದರವಾದ ಮಾತಿನ ಹಿಂದೆ ಅದು ಅಡಗಿ ಕುಳಿತಿದೆ. ಹಲವು ವರ್ಷ ನಾನೇ ಆ ಪಟ್ಟಿಯನ್ನು ಶುದ್ಧಪ್ರತಿ ಮಾಡಿ ಅಂಟಿಸಿದ್ದೇನೆ.

ಪಟ್ಟಿ ಹಿಡಿದು ಪೂಜ್ಯರ ಬಳಿಗೆ ಹೋದೆ. ಅವ್ವನ ವಿಷಯ ಅವರಿಗೆ ತಿಳಿದಿತ್ತು, ಆಸ್ಪತ್ರೆಗೆ ಪ್ರಸಾದ ಕಳಿಸಿದ್ದರು. ಆದರೆ ಆಕೆ ಮುಚ್ಚಿಟ್ಟದ್ದೇಕೆಂಬುದನ್ನು ನಾನು ಹೇಳಿರಲಿಲ್ಲ. ಅಂದು ಹೇಳಿದೆ. ಹೇಳುವಾಗ ನನಗೆ ಭಯವೂ ಇತ್ತು, ನಾಚಿಕೆಯೂ ಇತ್ತು. ಮಠದ ಉಪ್ಪುಂಡು ಮಠದ ತಪ್ಪು ಎತ್ತಿ ತೋರಿಸಿದಂತಾಯಿತೇನೋ ಎಂಬ ಅಳುಕು. ಪೂಜ್ಯರು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತ ಕುಳಿತರು. ಕೊನೆಗೆ, "ಇದರಾಗ ವಯಸ್ಸ ಯಾಕ ಬರೀತೀವಿ ತಮ್ಮಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮ ಕೈಯಿಂದಲೇ ವಯಸ್ಸಿನ ಸಾಲಿನ ಮೇಲೆ ಗೆರೆ ಎಳೆದರು.

ಆ ವರ್ಷದ ಜಾತ್ರೆಯಲ್ಲಿ ಆರತಿ ಹಿಡಿದವರಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರೂ ಇದ್ದರು. ಎಲ್ಲರಿಗೂ ಇದು ಹಿಡಿಸಿತೆಂದು ನಾನು ಹೇಳಲಾರೆ. ಇಬ್ಬರು ಹಿರಿಯ ತಾಯಂದಿರು ಸೇವೆಗೆ ಬರಲಿಲ್ಲ. ಅವರನ್ನು ನಾನು ದೂಷಿಸಲಾರೆ. ಮೂವತ್ತೈದು ವರ್ಷ ಕಾದು ಪಡೆದ ಸ್ಥಾನ ಇತರರಿಗೆ ಒಂದೇ ದಿನದಲ್ಲಿ ದೊರೆತದ್ದು ಅವರಿಗೆ ಅನ್ಯಾಯವಾಗಿ ಕಂಡಿರಬಹುದು. ಅವರನ್ನು ಮರಳಿ ಕರೆತರುವ ಕೆಲಸ ಇನ್ನೂ ಉಳಿದಿದೆ.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ನೀಡಿದಾಗ ಆ ಶಬ್ದ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಒಳ್ಳೆಯದೇ ಆಯಿತು. ಮುಟ್ಟಿನ ಬಗ್ಗೆ ಮಾತನಾಡಲು ಹೊಸ ತಲೆಮಾರಿಗೆ ಈಗ ಸಂಕೋಚ ಕಡಿಮೆ. ಆದರೆ ಅದು ನಿಂತವರನ್ನು ಯಾರು ಮಾತನಾಡಿಸುತ್ತಾರೆ? ಶಾಲೆಯ ಹುಡುಗಿಗೆ ಶಿಕ್ಷಕಿ ಹೇಳುತ್ತಾಳೆ, ಬಸುರಿಗೆ ಆಶಾ ಕಾರ್ಯಕರ್ತೆ ಹೇಳುತ್ತಾಳೆ. ಐವತ್ತೈದರ ಹೆಂಗಸು "ನಂದೇನೈತಿ ಇನ್ನ, ಎಲ್ಲಾ ಮುಗೀತು" ಎಂದು ಸುಮ್ಮನಾಗುತ್ತಾಳೆ. ಮುಟ್ಟು ನಿಂತರೂ ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ಅದಕ್ಕೆ ಕಾರಣವಾಗುವ ಎಚ್.ಪಿ.ವಿ. ಎಂಬ ವೈರಾಣು ಒಳಸೇರಿ ರೋಗವಾಗಲು ಹತ್ತು ಹದಿನೈದು ವರ್ಷಗಳೇ ಹಿಡಿಯುತ್ತವೆ. 30ರಿಂದ 65 ವರ್ಷದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಬೇಕೆಂಬುದು ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಇದೆ. ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಸವರಿ ಬಣ್ಣ ಬದಲಾಗುವುದನ್ನು ನೋಡುವ ಸರಳ ಪರೀಕ್ಷೆ ಅದು. ಕೆಲವು ನಿಮಿಷಗಳ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿ, ಎಂದು ಮಾಡುತ್ತಾರೆಂದು ತಿಳಿಸುತ್ತಾರೆ.

ಅವ್ವ ಈಗ ಸೋಮವಾರದ ಸೇವೆಗೆ ಹೋಗುತ್ತಾಳೆ. ರೊಟ್ಟಿ ಬಡಿಯುವಾಗ ಜೊತೆಯವರನ್ನು ಮಾತಿಗೆ ಎಳೆಯುತ್ತಾಳಂತೆ. "ನಿಂತ ಮ್ಯಾಲ ಏನರ ಕಂಡೈತೇನ?" ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತಾಳಂತೆ. ಮೊದಮೊದಲು ನಕ್ಕು ಮುಖ ತಿರುಗಿಸುತ್ತಿದ್ದರು. ಕಳೆದ ಶ್ರಾವಣದಲ್ಲಿ ಒಬ್ಬರು ನಗಲಿಲ್ಲ. ಅವರನ್ನು ಕರೆದುಕೊಂಡು ಅವ್ವ ತಾನೇ ಬಸ್ಸು ಹತ್ತಿದಳು. ಅವರದು ಸಣ್ಣ ದುರ್ಮಾಂಸವಷ್ಟೇ ಎಂದು ಗೊತ್ತಾಯಿತು.

ಈ ಬರಹವನ್ನೂ ರೂಢಿಯಂತೆ ಅವ್ವನಿಗೆ ಓದಿ ಹೇಳಿದೆ. ತನ್ನ ಕಥೆಯನ್ನು ಹೀಗೆ ಹೊರಗೆ ಹಾಕಲು ಒಪ್ಪುವಳೋ ಇಲ್ಲವೋ ಎಂಬ ಸಂದೇಹ ನನಗಿತ್ತು. ಇಡೀ ಕೇಳಿದ ಮೇಲೆ, "ನನ್ನ ಹೆಸರ ಹಾಕಬ್ಯಾಡ. ಉಳದದ್ದೆಲ್ಲಾ ಇರಲಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಎಣ್ಣಿ ಶೀಶೆದ ಸುದ್ದಿ ಯಾಕ ಬರದಿ? ಮೊಣಕಾಲೂ ನೋಯ್ತಿದ್ದವು" ಎಂದು ಮರವನ್ನು ಮುಂದಕ್ಕೆಳೆದುಕೊಂಡಳು.